ಹದಿನೆಂಟು ಮೀಟರು

2008ರ ಮಾರ್ಚಿನಲ್ಲಿ ಶಂಷಾಬಾದಿನ ಹೊಸ ವಿಮಾನ ನಿಲ್ದಾಣ ಶುರುವಾಗುವವರೆಗೆ ಹೈದರಾಬಾದಿನ ವಿಮಾನಗಳೆಲ್ಲ ಹಾರುತ್ತಿದ್ದುದು ಬೇಗಂಪೇಟೆಯಿಂದ. ನಿಲ್ದಾಣ ಊರಾಚೆ ಹೋಯಿತು, ಅದರ ಸುತ್ತ ಬೆಳೆದಿದ್ದ ಟಿಕೆಟ್, ವೀಸಾ, ಪ್ಯಾಕೇಜ್ ಟೂರಿನ ಕಚೇರಿಗಳಲ್ಲಿ ಹಲವು ಇಲ್ಲೇ ಉಳಿದವು. ಅಂಥದೊಂದರಲ್ಲಿ ನನ್ನ ಕೆಲಸ ಐಟಿನರಿ ಬರೆಯುವುದು. ಯಾವ ಊರಲ್ಲಿ ಎಷ್ಟು ಹೊತ್ತು, ಊಟ ಎಲ್ಲಿ, ಶೌಚಾಲಯಕ್ಕೆ ಬಸ್ಸು ಎಲ್ಲಿ ನಿಲ್ಲಬೇಕು, ರಾತ್ರಿ ಹೋಟೆಲಿಗೆ ಎಷ್ಟು ಗಂಟೆಗೆ ವಾಪಸ್, ಎಲ್ಲವನ್ನೂ ಕೂತಲ್ಲೇ ನಿಗದಿ ಮಾಡಬೇಕು. ಇದರಲ್ಲಿ ನನಗೆ ಜಾಣ ಎಂಬ ಹೆಸರಿತ್ತು. ಎರಡು ದಿನ ಬೇಡುವ ಊರುಗಳನ್ನು ಒಂದೇ ದಿನಕ್ಕೆ ಕೂಡಿಸಬಲ್ಲೆ ಎಂಬುದೇ ಆ ಹೆಸರಿಗೆ ಕಾರಣ.

ಆ ಜಾಣತನದಿಂದ ನಾನು ನಷ್ಟ ಮಾಡಿದ್ದು ನನಗೆ ಚಿತ್ರ ನೋಡುವುದನ್ನು ಕಲಿಸಿದ ಡ್ರಾಯಿಂಗ್ ಮಾಸ್ತರರಿಗೆ. ಮ್ಯೂಸಿಯಂ ನೋಡಲು ಹೊರಡುವವರಿಗೂ ಅವರನ್ನು ಹೊರಡಿಸುವವರಿಗೂ ಉಪಯೋಗವಾಗಲಿ ಎಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದು ನಡೆದ ಮ್ಯೂಸಿಯಂ ಇರುವುದು ಸ್ಪೇನಿನ ಈಶಾನ್ಯ ಮೂಲೆಯ ಫಿಗೆರೆಸ್ ಎಂಬ ಊರಲ್ಲಿ, ಬಾರ್ಸಿಲೋನಾದಿಂದ ಸುಮಾರು 140 ಕಿಲೋಮೀಟರು. ಅತಿವಾಸ್ತವವಾದದ ಚಿತ್ರಕಾರರಲ್ಲಿ ಜಗತ್ತು ಅತಿ ಹೆಚ್ಚು ಬಲ್ಲ ಸಾಲ್ವಡಾರ್ ಡಾಲಿ ಅಲ್ಲಿ 1904ರ ಮೇ 11ರಂದು ಹುಟ್ಟಿದ, 1989ರ ಜನವರಿಯಲ್ಲಿ ಅಲ್ಲೇ ತೀರಿಕೊಂಡ. ಆ ಊರಿನ ನಾಟಕಶಾಲೆ 1939ರಲ್ಲಿ, ಅಂತರ್ಯುದ್ಧದ ಕೊನೆಯಲ್ಲಿ ಸುಟ್ಟುಹೋಗಿತ್ತು. ಹುಡುಗನಾಗಿದ್ದಾಗ ತನ್ನ ಚಿತ್ರಗಳನ್ನು ಮೊದಲು ಜನರ ಮುಂದಿಟ್ಟದ್ದು ಅದೇ ಕಟ್ಟಡದಲ್ಲಿ ಎಂಬ ಕಾರಣಕ್ಕೆ, ಆ ಪಾಳುಗೋಡೆಗಳ ನಡುವೆಯೇ ತನ್ನ ಮ್ಯೂಸಿಯಂ ಆಗಬೇಕೆಂದು ಡಾಲಿ ಹಟ ಹಿಡಿದ. 1974ರ ಸೆಪ್ಟೆಂಬರ್ 28ರಂದು ಅದರ ಉದ್ಘಾಟನೆಯಾಯಿತು. ಹಳೆಯ ರಂಗಸ್ಥಳದ ಮೇಲೆ ಈಗ ಪಾರದರ್ಶಕ ಗುಮ್ಮಟವಿದೆ, ರಂಗಸ್ಥಳದ ಕೆಳಗೆ ಡಾಲಿಯ ಸಮಾಧಿಯಿದೆ. ಒಂದರ ನಂತರ ಒಂದು ಎಂದು ಕ್ರಮವಾಗಿ ನೋಡಿ ಮುಗಿಸುವ ದಾರಿಯನ್ನು ಡಾಲಿ ಅಲ್ಲಿ ಹಾಕಲಿಲ್ಲ. ಇಡೀ ಕಟ್ಟಡವೇ ಒಂದು ಕೃತಿ, ಬಂದವರು ಅದರೊಳಗೆ ತಮಗೆ ತೋಚಿದಂತೆ ಅಲೆಯಬೇಕು ಎಂಬುದು ಅವನ ಎಣಿಕೆ. ಐಟಿನರಿ ಬರೆಯುವವನು ಮೊದಲು ತಿಳಿಯಬೇಕಾದ ಸಂಗತಿಯೇ ಇದು. ಓದಿ ತಿಳಿದಿದ್ದರೂ ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಫಿಗೆರೆಸ್ ಊರನ್ನು ನಮ್ಮ ಸ್ಪೇನ್ ಪ್ಯಾಕೇಜಿಗೆ ಸೇರಿಸಲು ನನಗೆ ಸಿಕ್ಕ ಆಕರ್ಷಣೆ ಒಂದು ಆನೆಮರಿ. ವಿಮಾನಯಾನದವರ ನಡುವೆ ಓಡಾಡುವವರಿಗೆ ಈ ಕಥೆ ಗೊತ್ತು. 1967ರಲ್ಲಿ ಏರ್ ಇಂಡಿಯಾ ಮೊದಲ ದರ್ಜೆಯ ಪ್ರಯಾಣಿಕರಿಗೆ ಉಡುಗೊರೆ ಕೊಡಲು ಡಾಲಿಯಿಂದ ಪಿಂಗಾಣಿಯ ಆ್ಯಶ್‌ಟ್ರೇ ಒಂದರ ವಿನ್ಯಾಸ ಮಾಡಿಸಿತು. ಚಿಪ್ಪಿನಾಕಾರದ ಬಟ್ಟಲು, ಅದರ ಅಂಚಿಗೆ ಸುತ್ತಿಕೊಂಡ ಹಾವು, ಕೆಳಗೆ ಅದನ್ನು ಹೊತ್ತ ಹಂಸ ಮತ್ತು ಆನೆಯ ತಲೆಗಳು. ಹಂಸವನ್ನು ತಲೆಕೆಳಗು ಮಾಡಿದರೆ ಆನೆ, ಆನೆಯನ್ನು ತಲೆಕೆಳಗು ಮಾಡಿದರೆ ಹಂಸ. 1937ರಲ್ಲಿ ಬರೆದ ಒಂದು ಚಿತ್ರದಲ್ಲಿ ಕೊಳದ ಹಂಸಗಳ ಪ್ರತಿಬಿಂಬ ಆನೆಗಳಾಗುವಂತೆ ಅವನು ಮಾಡಿದ್ದ, ಇಲ್ಲಿಯೂ ಅದೇ ಕಲ್ಪನೆ. ಅಂಥ ಸುಮಾರು 500 ಆ್ಯಶ್‌ಟ್ರೇಗಳು ತಯಾರಾದವು. ಸಂಭಾವನೆಯಾಗಿ ಡಾಲಿ ಕೇಳಿದ್ದು ಒಂದು ಆನೆಮರಿಯನ್ನು. ಬೆಂಗಳೂರಿನಿಂದ ಮರಿಯನ್ನು ಮಾವುತನ ಜೊತೆ ಜಿನೀವಾಕ್ಕೆ ವಿಮಾನದಲ್ಲಿ ಕಳಿಸಿ, ಅಲ್ಲಿಂದ ರಸ್ತೆಯ ಮೇಲೆ ಡಾಲಿಯ ಪೋರ್ಟ್‌ಲಿಗಾಟ್ ಮನೆಗೆ ಹತ್ತಿರದ, ಕಡಲತೀರದ ಕಡಕೇಸ್‌ಗೆ ಮುಟ್ಟಿಸಿದರು.

ಬೆಂಗಳೂರಿನ ಆನೆಯನ್ನು ಕೇಳಿ ಪಡೆದ ಡಾಲಿಯ ಊರು ಎಂದು ನಾನು ಬ್ರೋಷರಿನಲ್ಲಿ ಬರೆದೆ. ಕಾಚಿಗುಡ, ಸಿಕಂದರಾಬಾದಿನ ಕನ್ನಡ ಕುಟುಂಬಗಳು ಆಸಕ್ತಿ ತೋರಿಸಿದವು. ಕಲಬುರಗಿ, ರಾಯಚೂರು, ಬೀದರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು, ಆ ಕಡೆಯ ನೆಂಟಸ್ತಿಕೆ ಇಲ್ಲಿ ಇಂದಿಗೂ ಗಟ್ಟಿ. ಒಂದು ಕುಟುಂಬ ಹೆಸರು ಕೊಟ್ಟರೆ ಅದರ ಹಿಂದೆ ಊರಿನ ಬೀಗರು ಬರುತ್ತಾರೆ. ಹಾಗೆ ಬಾಯಿಂದ ಬಾಯಿಗೆ ಹೋದ ಸುದ್ದಿ ಬಾಗಲಕೋಟೆ ಜಿಲ್ಲೆಯ ನನ್ನ ಊರಿಗೂ ಮುಟ್ಟಿತು. ಒಂದು ಸಂಜೆ ಮಾಸ್ತರರ ಫೋನು ಬಂತು.

"ತಮ್ಮಾ, ನೀ ಫಿಗೆರೆಸ್‌ಗೆ ಮಂದೀನ ಕರಕೊಂಡ ಹೋಗ್ತಿ ಅಂತಲ್ಲ, ಖರೇನ? ನಾನೂ ಬರ್ತೀನಿ. ಬ್ಯಾರೆ ಊರು ಏನರ ತೋರಸು, ಬಿಡು. ನನಗ ಅದೊಂದು ಮ್ಯೂಸಿಯಂ ನೋಡಬೇಕು."

ನನ್ನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಪೀರಿಯಡ್ ಎಂದರೆ ಬೇರೆ ಮಾಸ್ತರರು ಗಣಿತಕ್ಕೆ ಎರವಲು ಪಡೆಯುವ ಪೀರಿಯಡ್. ಇವರು ಮಾತ್ರ ಅದನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಒಮ್ಮೆ ನಮ್ಮನ್ನೆಲ್ಲ ಬಾದಾಮಿಗೆ ಕರೆದೊಯ್ದರು. ಮೇಣಬಸದಿಯ ಒಂದನೆಯ ಗುಹೆಗೆ ಬಂದವರೆಲ್ಲ ಹದಿನೆಂಟು ಕೈಯ ನಟರಾಜನ ಕಡೆ ಹೋಗುತ್ತಾರೆ. ಮಾಸ್ತರರು ನಮ್ಮನ್ನು ಮೊದಲು ನಿಲ್ಲಿಸಿದ್ದು ಬಾಗಿಲ ಎಡಕ್ಕೆ, ತ್ರಿಶೂಲ ಹಿಡಿದ ದ್ವಾರಪಾಲಕನ ಕೆಳಗಿನ ಪುಟ್ಟ ಉಬ್ಬುಶಿಲ್ಪದ ಮುಂದೆ. ಅಲ್ಲಿ ಒಂದು ಗೂಳಿ, ಒಂದು ಆನೆ, ಎರಡಕ್ಕೂ ಸೇರಿ ಒಂದೇ ತಲೆ. ನೋಟ್‌ಬುಕ್ಕನ್ನು ನಮ್ಮ ಕಣ್ಣಿಗೆ ಅಡ್ಡ ಹಿಡಿದು ಒಂದು ಮೈ ಮರೆಮಾಡಿದರು. ಆನೆ ಕಂಡಿತು. ನೋಟ್‌ಬುಕ್ಕನ್ನು ಇನ್ನೊಂದು ಕಡೆಗೆ ಸರಿಸಿದರು. ಅದೇ ತಲೆ ಗೂಳಿಯದಾಯಿತು. ಆಮೇಲೆ ನೋಟ್‌ಬುಕ್ ತೆಗೆದು, ಈಗ ಬರೇ ಕಣ್ಣಿಂದ ಮಾಡಿ ನೋಡಿರಿ ಎಂದರು. ಪ್ರತಿಯೊಬ್ಬ ಹುಡುಗನೂ ಆಯಿತು ಎನ್ನುವವರೆಗೆ ಕಾದರು. ನನಗೆ ಎಲ್ಲರಿಗಿಂತ ತಡವಾಗಿ ಆಯಿತು. ಅವರು ನನ್ನ ಪಕ್ಕದಲ್ಲಿ ಸುಮ್ಮನೆ ನಿಂತಿದ್ದರು, ಉತ್ತರ ಹೇಳಿಕೊಡಲಿಲ್ಲ.

ಆ ಶಿಲ್ಪ ಆರನೆಯ ಶತಮಾನದ್ದು. ಅಲ್ಲಿನ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಚಾಲುಕ್ಯ ಶಾಸನವಿದೆ. ಪ್ಯಾರಿಸಿನಲ್ಲಿ ಆಂದ್ರೆ ಬ್ರೆತಾನ್ ಅತಿವಾಸ್ತವವಾದದ ಪ್ರಣಾಳಿಕೆ ಹೊರಡಿಸಿದ್ದು 1924ರಲ್ಲಿ, ಡಾಲಿ ಆ ಬಳಗ ಸೇರಿದ್ದು 1929ರಲ್ಲಿ. ಒಂದೇ ಆಕಾರದಲ್ಲಿ ಎರಡು ವಸ್ತು ಕಾಣಿಸುವ ಚಿತ್ರಗಳನ್ನು ಡಾಲಿ ಬಾಳಿನುದ್ದಕ್ಕೂ ಬರೆದ. ಮಾಸ್ತರರಿಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಬಾದಾಮಿಯ ಮೂಲಕ. ನಮ್ಮ ಕಲ್ಲುಕುಟಿಗ ಮಾಡಿದ ಕೆಲಸವನ್ನು ದೂರ ದೇಶದ ಇವನೂ ಮಾಡುತ್ತಿದ್ದಾನೆ ಎಂದು ಅವರು ಪತ್ರಿಕೆಗಳಲ್ಲಿ ಬಂದ ಡಾಲಿಯ ಚಿತ್ರಗಳನ್ನೆಲ್ಲ ಕತ್ತರಿಸಿ ಇಟ್ಟುಕೊಂಡಿದ್ದರು. ಅವುಗಳಲ್ಲಿ ಅವರನ್ನು ಹೆಚ್ಚು ಕಾಡಿದ್ದು ಫಿಗೆರೆಸ್‌ನಲ್ಲಿರುವ ಒಂದು.

ಆ ಚಿತ್ರದಲ್ಲಿ ಡಾಲಿಯ ಹೆಂಡತಿ ಗಾಲಾ ಬೆನ್ನು ತೋರಿಸಿ, ಕಿಟಕಿಯಾಚೆಯ ಸಮುದ್ರವನ್ನು ನೋಡುತ್ತ ನಿಂತಿದ್ದಾಳೆ. ಹದಿನೆಂಟು ಮೀಟರು ದೂರದಿಂದ ನೋಡಿದರೆ ಅದೇ ಚಿತ್ರ ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್‌ನ ಮುಖವಾಗುತ್ತದೆ. ಆ ದೂರವನ್ನು ಡಾಲಿ ಚಿತ್ರದ ಹೆಸರಿನಲ್ಲೇ ಬರೆದಿಟ್ಟಿದ್ದಾನೆ. ಇದರ ಹಿಂದೆ ವಿಜ್ಞಾನವೂ ಇದೆ. 1973ರಲ್ಲಿ ಬೆಲ್ ಲ್ಯಾಬ್ಸ್‌ನ ಲಿಯಾನ್ ಹಾರ್ಮನ್ ಎಂಬಾತ ನಾವು ಮುಖಗಳನ್ನು ಹೇಗೆ ಗುರುತಿಸುತ್ತೇವೆ ಎಂಬುದರ ಮೇಲೆ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಲೇಖನ ಬರೆದ. ಅದರೊಂದಿಗೆ ಒರಟು ಚೌಕಗಳಾಗಿ ಒಡೆದ ಲಿಂಕನ್ ಮುಖದ ಚಿತ್ರವಿತ್ತು. ಹತ್ತಿರದಿಂದ ನೋಡಿದರೆ ಚೌಕಗಳ ಅಂಚುಗಳೇ ಕಣ್ಣನ್ನು ಹಿಡಿದುಕೊಳ್ಳುತ್ತವೆ. ದೂರ ಸರಿದಂತೆ ಅಂಚುಗಳು ಅಳಿಸಿ, ದೊಡ್ಡ ಬೆಳಕು ನೆರಳುಗಳಷ್ಟೇ ಉಳಿದು ಮುಖ ಮೂಡುತ್ತದೆ. ಡಾಲಿ ಆ ಚೌಕಗಳ ನಡುವೆ ಗಾಲಾಳನ್ನು ನಿಲ್ಲಿಸಿದ. ಮರುವರ್ಷಗಳಲ್ಲಿ ಬರೆದ ಇನ್ನೊಂದು ಪ್ರತಿ ಅಮೆರಿಕದ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನ ಡಾಲಿ ಮ್ಯೂಸಿಯಂನಲ್ಲಿದೆ, ಅದರ ಹೆಸರಿನಲ್ಲಿ ದೂರ ಇಪ್ಪತ್ತು ಮೀಟರು.

ಆ ಚಿತ್ರದಿಂದ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ, ಗಾಲಾ ಲಿಂಕನ್ ಆಗುವ ಹೆಜ್ಜೆ ಯಾವುದು ಎಂದು ತಮ್ಮ ಕಣ್ಣಿಂದ ಕಂಡುಹಿಡಿಯಬೇಕು ಎಂಬುದು ಮಾಸ್ತರರ ಆಸೆ. ನಿವೃತ್ತಿಯ ದುಡ್ಡಿನಲ್ಲಿ ಒಂದು ಪಾಲನ್ನು ಅದಕ್ಕೆಂದು ಎತ್ತಿಟ್ಟಿದ್ದರು. ಮೈಯಲ್ಲಿ ಕಸುವಿರುವಾಗಲೇ ಹೋಗಿ ಬರುತ್ತೇನೆ ಎಂದು ಮನೆಯವರನ್ನು ಒಪ್ಪಿಸಿದ್ದರು. ಇದನ್ನೆಲ್ಲ ಅವರು ನನಗೆ ಮೊದಲೇ ಹೇಳಿದ್ದರು. ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಫಿಗೆರೆಸ್ ನೋಡುವ ದಿನದ ಐಟಿನರಿಯಲ್ಲಿ ನಾನು ಬರೆದದ್ದು ಹೀಗೆ. ಬೆಳಗ್ಗೆ ಬಾರ್ಸಿಲೋನಾದಿಂದ ಬಸ್ಸು, ಮೊದಲು ದಾರಿಯಲ್ಲಿ ಸಿಗುವ ಜಿರೋನಾ ಪಟ್ಟಣ, ಅಲ್ಲಿ ಹಳೆಯ ಚರ್ಚು ಮತ್ತು ಕೋಟೆಗೋಡೆ, ನಂತರ ಸಸ್ಯಾಹಾರಿ ಊಟ, ಮಧ್ಯಾಹ್ನ ಫಿಗೆರೆಸ್‌ನ ಮ್ಯೂಸಿಯಂಗೆ ಒಂದೂವರೆ ಗಂಟೆ, ಸಂಜೆ ವಾಪಸ್ ಬಂದು ಶಾಪಿಂಗ್. ಒಂದೇ ದಿನದಲ್ಲಿ ಎರಡು ಊರು ಎಂದರೆ ಪ್ಯಾಕೇಜ್ ತುಂಬಿದಂತೆ ಕಾಣುತ್ತದೆ, ಗಿರಾಕಿ ಬೇಗ ಒಪ್ಪುತ್ತಾರೆ. ಚೀಲಕ್ಕೆ ಅಕ್ಕಿ ತುರುಕಿದ ಹಾಗೆ ನಾನು ಹಗಲಿಗೆ ಊರುಗಳನ್ನು ತುರುಕುತ್ತಿದ್ದೆ.

ತಂಡದ ಜೊತೆ ಹೋದವನೂ ನಾನೇ. ಜಿರೋನಾದಿಂದ ಹೊರಡುವುದು ತಡವಾಯಿತು, ಊಟದಲ್ಲಿ ಮತ್ತಷ್ಟು ತಡವಾಯಿತು. ಡಾಲಿ ಮ್ಯೂಸಿಯಂನ ಪ್ರವೇಶ ಗೊತ್ತುಪಡಿಸಿದ ಸಮಯಕ್ಕೆ. ನಮ್ಮ ಸಮಯ ಮೀರಿತ್ತು. ಬಾಗಿಲಲ್ಲಿ ಮಾತಾಡಿ, ಕಾದು, ಒಳಗೆ ಹೋಗುವ ಹೊತ್ತಿಗೆ ಒಂದೂವರೆ ಗಂಟೆಯಲ್ಲಿ ಮುಕ್ಕಾಲು ಗಂಟೆಯೂ ಉಳಿದಿರಲಿಲ್ಲ. ಆಗ ನಾನು ಬಾವುಟ ಎತ್ತಿ ಹಿಡಿದು ಮುಂದೆ ನಡೆದೆ. ಅಂಗಳದಲ್ಲಿ ಕಪ್ಪು ಕ್ಯಾಡಿಲಾಕ್ ಕಾರಿದೆ, ನಾಣ್ಯ ಹಾಕಿದರೆ ಅದರೊಳಗೆ ಮಳೆ ಸುರಿಯುತ್ತದೆ. ಅಲ್ಲಿ ಒಂದು ಫೋಟೋ. ಮೇ ವೆಸ್ಟ್ ಕೋಣೆಯಲ್ಲಿ ತುಟಿಯಾಕಾರದ ಸೋಫಾ, ಮೂಗಿನಾಕಾರದ ಒಲೆಗೂಡು, ಕಣ್ಣಿನ ಜಾಗದಲ್ಲಿ ಎರಡು ಚಿತ್ರಗಳಿವೆ. ಮೆಟ್ಟಿಲು ಹತ್ತಿ ಮಸೂರದೊಳಗಿಂದ ನೋಡಿದರೆ ಎಲ್ಲ ಸೇರಿ ಆ ಹೆಸರಿನ ನಟಿಯ ಮುಖವಾಗುತ್ತದೆ. ಅಲ್ಲಿ ಇನ್ನೊಂದು ಫೋಟೋ. ಕರಗುವ ಗಡಿಯಾರ ಎಲ್ಲಿ ಎಂದು ಹಲವರು ಕೇಳಿದರು. 1931ರ ಆ ಚಿತ್ರ ಇರುವುದು ನ್ಯೂಯಾರ್ಕಿನ ಮೋಮಾ ಮ್ಯೂಸಿಯಂನಲ್ಲಿ ಎಂದು ನಡೆಯುತ್ತಲೇ ಉತ್ತರ ಹೇಳಿದೆ.

ಮಾಸ್ತರರು ಗುಂಪಿನಿಂದ ಹಿಂದೆ ಬೀಳುತ್ತಿದ್ದರು. ಕೆಂಪು ಬಟ್ಟೆ ಹೊದಿಸಿದ ಗೋಡೆಗಳ ಕೋಣೆಯೊಂದರಲ್ಲಿ 1945ರ ರೊಟ್ಟಿ ಬುಟ್ಟಿಯ ಚಿತ್ರವಿದೆ. ಚಿಕ್ಕದು. ಮೇಜಿನ ಅಂಚಿನಲ್ಲಿ ಒಂದು ಬುಟ್ಟಿ, ಅದರಲ್ಲಿ ಮುರಿದ ರೊಟ್ಟಿ, ಹಿಂದೆ ಕತ್ತಲು, ಅಷ್ಟೇ. ಯಾವ ಕನಸಿನ ಆಟವೂ ಇಲ್ಲದೆ ರೊಟ್ಟಿಯನ್ನು ರೊಟ್ಟಿಯಾಗಿಯೇ ಬರೆದದ್ದು. ಅವರು ಅದರ ಮುಂದೆ ನಿಂತುಬಿಟ್ಟಿದ್ದರು. ನಾನು ಕರೆದೆ, ಬಂದರು. ಕೊನೆಗೆ ಗುಮ್ಮಟದ ಕೆಳಗಿನ ಸಭಾಂಗಣದಲ್ಲಿ ಆ ದೊಡ್ಡ ಚಿತ್ರದ ಎದುರಿಗೆ ಬಂದೆವು. ಜನ ಕಿಕ್ಕಿರಿದಿದ್ದರು. ಮಾಸ್ತರರು ಚಿತ್ರದ ಬುಡಕ್ಕೆ ಹೋಗಿ ಗಾಲಾಳನ್ನು, ಚೌಕಗಳನ್ನು, ಕುಂಚದ ಗುರುತುಗಳನ್ನು ನೋಡಿದರು. ಆಮೇಲೆ ಹಿಂದಕ್ಕೆ ಸರಿಯತೊಡಗಿದರು. ಜನರು ಅಡ್ಡ ಬಂದರೆ ನಿಲ್ಲುವರು, ಚಿತ್ರ ಮತ್ತೆ ಕಂಡ ಮೇಲೆ ಇನ್ನೊಂದು ಹೆಜ್ಜೆ ಇಡುವರು.

"ಬಸ್ಸು ನಿಂತದರಿ ಸರ್, ಎಲ್ಲಾರೂ ಕಾಯಾಕತ್ತಾರ" ಎಂದೆ.

"ಸ್ವಲ್ಪ ತಡಿಯಪ್ಪಾ, ಇನ್ನೂ ಹಿಂದ ಸರೀಬೇಕು."

ನಾನು ಫೋನು ತೆಗೆದು ಚಿತ್ರದತ್ತ ಹಿಡಿದು ಅವರ ಕಣ್ಣ ಮುಂದಿಟ್ಟೆ. ಫೋನಿನ ಪುಟ್ಟ ಪರದೆಯಲ್ಲಿ ಚೌಕಗಳು ಕುಗ್ಗಿ, ಲಿಂಕನ್ ಮುಖ ಒಂದೇ ಕ್ಷಣದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. "ಇಲ್ಲಿ ನೋಡ್ರಿ ಸರ್, ಬಂತು" ಎಂದೆ. ಅವರು ಫೋನನ್ನು ನೋಡಿದರು, ನನ್ನನ್ನು ನೋಡಿದರು, ನಡಿ ಎಂದರು. ಅವರಿಗೆ ಬೇಕಾದದ್ದನ್ನು ಕೊಟ್ಟೆ, ಬಸ್ಸಿನ ಸಮಯವನ್ನೂ ಉಳಿಸಿದೆ ಎಂದು ನಾನು ತೃಪ್ತಿಪಟ್ಟೆ.

ಕೆಲವು ತಿಂಗಳ ಮೇಲೆ ಊರಿಗೆ ಹೋದಾಗ ಅವರ ಮನೆಗೆ ಹೋದೆ. ಹೃದಯದ ತೊಂದರೆ ಕಾಣಿಸಿಕೊಂಡು, ದೂರದ ವಿಮಾನ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರು. ಸ್ಪೇನಿನಲ್ಲಿ ಏನು ಹಿಡಿಸಿತು ಎಂದು ಕೇಳಿದೆ. ರೊಟ್ಟಿಯ ಚಿತ್ರದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಲಿಂಕನ್ ಚಿತ್ರದ ಮಾತು ಬರಲೇ ಇಲ್ಲ. ನಾನೇ ಎತ್ತಿದೆ.

"ಅದನ್ನ ನೋಡಿದ್ದು ನಿನ್ನ ಫೋನು, ನಾ ಅಲ್ಲ" ಎಂದರು.

ತಪ್ಪಾಯಿತು ಎಂದೆ. ಅವರು ಇರಲಿ ಬಿಡು ಎನ್ನಲಿಲ್ಲ. "ಹೌದು, ತಪ್ಪಾತು. ನನ್ನ ಪಾಲಿಂದು ಹೋತು. ಇನ್ನ ಬರೋ ಮಂದಿದು ಕಳೀಬ್ಯಾಡ" ಎಂದರು.

ಅವತ್ತಿನಿಂದ ಈ ಬಗ್ಗೆ ಯೋಚಿಸಿದ್ದೇನೆ. ಇಂಥ ಚಿತ್ರಗಳಲ್ಲಿ ಅಡಗಿದ ಆಕಾರ ಯಾವುದು ಎಂಬ ಉತ್ತರಕ್ಕೆ ಬೆಲೆ ಕಡಿಮೆ. ಅಲ್ಲಿ ಲಿಂಕನ್ ಇದ್ದಾನೆ ಎಂಬುದು ಹೆಸರಿನಲ್ಲೇ ಇದೆ, ಬೇಗಂಪೇಟೆಯಲ್ಲಿ ಕೂತೂ ತಿಳಿಯಬಹುದು. ಬೆಲೆಯಿರುವುದು ಒಂದು ಇನ್ನೊಂದಾಗುವ ಗಳಿಗೆಗೆ, ಮತ್ತು ಆ ಗಳಿಗೆಯನ್ನು ನೋಡುವವರೇ ತಮ್ಮ ಕಣ್ಣಿಂದ ತಂದುಕೊಳ್ಳುವುದಕ್ಕೆ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಒಂದೇ ಮರದಿಂದ ಕೆತ್ತಿದ ಜೋಡಿ ಪ್ರತಿಮೆಯಿದೆ. ಎದುರಿಗೆ ಗಯಟೆಯ ಫೌಸ್ಟ್ ನಾಟಕದ ಸೈತಾನ ಮೆಫಿಸ್ಟೊಫಿಲಿಸ್, ಹಿಂದೆ ಇಟ್ಟ ಕನ್ನಡಿಯಲ್ಲಿ ತಲೆ ತಗ್ಗಿಸಿದ, ಅದೇ ನಾಟಕದ ಮಾರ್ಗರೆಟಾ. ಅಲ್ಲಿ ಎರಡನ್ನೂ ಒಟ್ಟಿಗೆ ನೋಡಲು ಕನ್ನಡಿ ನೆರವಾಗುತ್ತದೆ. ಬಾದಾಮಿಯಲ್ಲಿ ನೋಡುವವರು ಒಂದು ಮೈಯನ್ನು ಮನಸ್ಸಿನಲ್ಲೇ ಮರೆಮಾಡಬೇಕು. ಫಿಗೆರೆಸ್‌ನಲ್ಲಿ ಕಾಲುಗಳು ಹಿಂದೆ ನಡೆಯಬೇಕು. ಅದಕ್ಕೆ ಜಾಗ ಬೇಕು, ಸಮಯ ಬೇಕು, ಕರೆಯುವವರು ಇರಬಾರದು. ಡಾಲಿ ತನ್ನ ಚಿತ್ರದ ಹೆಸರಿನಲ್ಲೇ ಕೇಳಿದ್ದ ಹದಿನೆಂಟು ಮೀಟರನ್ನು ನಾನು ಮಾಸ್ತರರಿಗೆ ಕೊಡಲಿಲ್ಲ. ಬಾದಾಮಿಯಲ್ಲಿ ಅವರು ನನಗಾಗಿ ಕಾದಿದ್ದರು. ನಾನು ಅವರಿಗಾಗಿ ಕಾಯಲಿಲ್ಲ.

ಈಗ ನಾನು ಬರೆಯುವ ಐಟಿನರಿ ಬೇರೆ. ಫಿಗೆರೆಸ್ ಇರುವ ದಿನ ಬೇರೆ ಊರಿಲ್ಲ. ಬಾರ್ಸಿಲೋನಾದಿಂದ ವೇಗದ ರೈಲು ಒಂದು ಗಂಟೆಯೊಳಗೆ ಫಿಗೆರೆಸ್-ವಿಲಾಫಾಂಟ್ ನಿಲ್ದಾಣ ಮುಟ್ಟಿಸುತ್ತದೆ, ಅಲ್ಲಿಂದ ಮ್ಯೂಸಿಯಂ ನಡೆದು ಹೋಗುವಷ್ಟು ದೂರ. ವರ್ಷದ ಬಹುಪಾಲು ಸೋಮವಾರ ರಜೆ, ಅದನ್ನು ಮೊದಲು ನೋಡಿಕೊಳ್ಳಬೇಕು. ಟಿಕೆಟನ್ನು ಬೆಳಗಿನ ಸಮಯಕ್ಕೇ ಮುಂಗಡವಾಗಿ ತೆಗೆದಿಡುತ್ತೇನೆ. ಪೋರ್ಟ್‌ಲಿಗಾಟ್‌ನ ಡಾಲಿ ಮನೆಯನ್ನು ಸಣ್ಣ ಸಣ್ಣ ತಂಡಗಳಿಗೆ ಮುಂಗಡ ಬುಕಿಂಗ್ ಮೇಲೆ ಮಾತ್ರ ತೋರಿಸುತ್ತಾರೆ, ಅದು ಬೇಕೆಂದವರಿಗೆ ಇನ್ನೊಂದು ದಿನ ಇಟ್ಟುಕೊಳ್ಳಿ ಎನ್ನುತ್ತೇನೆ. ಬಾವುಟ ಹಿಡಿಯುವುದಿಲ್ಲ. ಬಾಗಿಲಲ್ಲಿ ಮೂರು ಮಾತು ಹೇಳಿ, ಮತ್ತೆ ಸೇರುವ ಜಾಗ ತೋರಿಸಿ, ಎಲ್ಲರನ್ನೂ ಅವರವರ ಪಾಡಿಗೆ ಬಿಡುತ್ತೇನೆ. ಬೇಗ ಸಾಕೆನಿಸಿದವರು ಹೊರಗೆ ಬಂದು ಕಾಫಿ ಕುಡಿಯಲಿ, ನೋಡುವವರು ನೋಡಲಿ.

ಹೊರಡುವ ಮೊದಲು ತಂಡದವರನ್ನು ಸಾಲಾರ್ ಜಂಗ್‌ಗೂ ಕರೆದೊಯ್ಯುತ್ತೇನೆ, ಶುಕ್ರವಾರ ರಜೆಯಾದ್ದರಿಂದ ಬೇರೆ ದಿನ. ಆ ಜೋಡಿ ಪ್ರತಿಮೆಯೊಂದನ್ನೇ ನೋಡಿ ಎಂದು ಹೇಳಿ ದೂರ ಸರಿದು ನಿಲ್ಲುತ್ತೇನೆ. ಸಣ್ಣ ಮಕ್ಕಳಿರುವ ಕುಟುಂಬಗಳಿಗೆ ಬಾದಾಮಿಯ ಒಂದನೆಯ ಗುಹೆಯ ಬಾಗಿಲ ಎಡಭಾಗ ತಪ್ಪಿಸಬೇಡಿ ಎನ್ನುತ್ತೇನೆ.

ಈ ಬದಲಾವಣೆಯಿಂದ ಪ್ಯಾಕೇಜಿನ ಹಾಳೆ ಬರಿದಾಗಿ ಕಾಣುತ್ತದೆ, ಕೆಲವರು ಹೆಚ್ಚು ಊರು ತೋರಿಸುವ ಕಚೇರಿಗೆ ಹೋಗುತ್ತಾರೆ. ಹೋಗಲಿ. ಓದುವವರಲ್ಲಿ ನನ್ನ ಕೋರಿಕೆ ಇಷ್ಟು: ಯಾವ ಮ್ಯೂಸಿಯಂಗೆ ಯಾರೇ ಕರೆದೊಯ್ದರೂ, ದುಡ್ಡು ಕಟ್ಟುವ ಮೊದಲು ಒಳಗೆ ಎಷ್ಟು ಹೊತ್ತು ಬಿಡುತ್ತೀರಿ ಎಂದು ಕೇಳಿ. ಆ ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಜೊತೆಗೆ ಹಿರಿಯರಿದ್ದರೆ ಅವರು ಯಾವುದನ್ನು ನೋಡಲು ಬರುತ್ತಿದ್ದಾರೆ ಎಂದು ಮೊದಲೇ ತಿಳಿದುಕೊಳ್ಳಿ, ಮ್ಯೂಸಿಯಂಗೆ ಕಾಲಿಟ್ಟ ಕೂಡಲೇ ಅವರನ್ನು ಅಲ್ಲಿಗೇ ಕರೆದೊಯ್ಯಿರಿ. ಮಿಕ್ಕಿದ್ದೆಲ್ಲ ಆಮೇಲೆ.